ಶೇಷಪ್ಪನವರ ಬಾಗಿಲು

ನಮ್ಮೂರಿನ ಬಾಗಿಲುಗಳು ಬೈಗುಳಕ್ಕೆ ಬೆದರುವುದಿಲ್ಲ, ಎಣ್ಣೆ ಹಚ್ಚಿದರೆ ನಯವಾಗುವುದೂ ಇಲ್ಲ. ಜ್ವರ ಊರಿಗೆ ಕಾಲಿಟ್ಟ ವಾರದಲ್ಲೇ ಅವು ಹಟ ಹಿಡಿದವು. ಒಳಗಿರುವವರು ಹೊರಗೆ ಹೋಗಬೇಕೆಂದರೆ ಹೊಸಿಲ ಮುಂದೆ ನಿಂತು, ಅವತ್ತು ತಮಗೆ ಆದ ಒಂದು ಒಳ್ಳೆಯದನ್ನು ಬಾಗಿಲಿಗೆ ಹೇಳಬೇಕು. ಅದು ಅವತ್ತಿನದೇ ಆಗಿರಬೇಕು, ನಿಜವಾಗಿರಬೇಕು, ಸಣ್ಣದಾಗಿರಬೇಕು. ಬಾಗಿಲು ಒಪ್ಪಿದರೆ ತೆರೆಯುತ್ತದೆ, ಒಪ್ಪದಿದ್ದರೆ ಇಲ್ಲ.

ಮೊದಮೊದಲು ಊರಿಗೆ ಊರೇ ತಡಬಡಾಯಿಸಿತು. ನಮ್ಮ ಬೀದಿಯ ನಿವೃತ್ತ ಹೆಡ್ಮಾಸ್ತರರು ಶಲ್ಯ ಹೊದ್ದು, ಗಂಟಲು ಸರಿಮಾಡಿಕೊಂಡು, "ಸಕಲ ಜೀವರಾಶಿಗಳಿಗೂ ಒಳಿತನ್ನು ಹಾರೈಸುವ ಈ ಸಂದರ್ಭದಲ್ಲಿ..." ಎಂದು ಬಾಗಿಲಿಗೆ ಭಾಷಣ ಮಾಡಿದರು. ಬಾಗಿಲು ಮಿಸುಕಲಿಲ್ಲ. ಬೆವರು ಒರೆಸಿಕೊಳ್ಳುತ್ತ, "ಸದ್ಯ, ಬನೀನಾದರೂ ಒಣಗಿದೆ" ಎಂದು ಗೊಣಗಿದ್ದೇ ತಡ, ಕದ ಧಡಾರನೆ ತೆರೆದು ಮಾಸ್ತರರು ಮೆಟ್ಟಿಲ ಮೇಲೆ ಬಂದು ಬಿದ್ದರು. ಮೂಲೆಮನೆಯ ಸರಸಿಜ, "ನಮ್ಮತ್ತೆ ಮಧ್ಯಾಹ್ನ ಗಡದ್ದಾಗಿ ನಿದ್ದೆ ಮಾಡಿದ್ರು" ಎಂದು ಬಾಗಿಲ ಕಿವಿಯಲ್ಲಿ ಪಿಸುಗುಟ್ಟಿ ತರಕಾರಿಗೆ ಹೋದಳು. ಅವಳ ಬೆನ್ನಿಗೇ ಅತ್ತೆ ಎದ್ದು ಬಂದು, "ನಾನು ಇನ್ನೂ ನಿದ್ದೆ ಮಾಡ್ತಿದೀನಿ ಅಂತ ನಮ್ ಹುಡುಗಿ ನಂಬಿಬಿಟ್ಳು" ಎಂದು ಹೇಳಿ ಗೆಳತಿಯ ಮನೆಗೆ ಹೊರಟರು. ಎರಡೂ ನಿಜವೇ. ಬಾಗಿಲು ಎರಡಕ್ಕೂ ತೆರೆಯಿತು.

ಹೀಗೆ ಕದದ ಜೊತೆಗಿನ ಕದನ ಮೆಲ್ಲಗೆ ರೂಢಿಯಾಯಿತು. ಜನ ಬೆಳಗ್ಗೆ ಎದ್ದವರೇ ಒಳ್ಳೆಯದನ್ನು ಹುಡುಕತೊಡಗಿದರು. ಹಾಲು ಉಕ್ಕುವ ಮೊದಲೇ ಕೈಗೆ ಸಿಕ್ಕಿತು, ಸೂಜಿಗೆ ಒಂದೇ ಏಟಿಗೆ ದಾರ ಹೋಯಿತು, ಹಲ್ಲಿ ಲೊಚಗುಟ್ಟಿದ ಹೊತ್ತಿಗೆ ಸರಿಯಾಗಿ ಗಂಡ ಸುಮ್ಮನಾದ. ಹೊರಗೆ ಜ್ವರ, ಆಸ್ಪತ್ರೆಯ ಗಾಡಿ, ಮೂಗಿಗೆ ಕಟ್ಟಿದ ಬಟ್ಟೆ, ಯಾರ ಮನೆಯಿಂದಲೋ ತೇಲಿಬರುವ ಅಳು, ಎಲ್ಲವೂ ಇದ್ದವು. ಆದರೂ ಬಾಗಿಲಿಗೆ ಹೇಳಲು ಏನಾದರೊಂದು ಸಿಗುತ್ತಿತ್ತು. ಸಿಗದೆ ಉಳಿದವರು ಒಬ್ಬರೇ. ಅವರು ನನ್ನ ಭಾವೀ ಮಾವ, ಅಡುಗೆ ಶೇಷಪ್ಪನವರು.

ನನ್ನ ಹೆಸರು ಚಂದ್ರಮೌಳಿ, ಬೀದಿಯವರಿಗೆ ಮೌಳಿ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದೆ. ಅರ್ಥವೂ ಬರಲಿಲ್ಲ, ಶಾಸ್ತ್ರವೂ ಬರಲಿಲ್ಲ, ಪ್ರಿನ್ಸಿಪಾಲರ ದನಿ ಮಾತ್ರ ಚೆನ್ನಾಗಿ ಬಂತು. ಅದನ್ನೇ ಕಸುಬು ಮಾಡಿಕೊಂಡು ಮದುವೆಮನೆಗಳಲ್ಲಿ, ಸಂಘದ ಸಭೆಗಳಲ್ಲಿ ಮಿಮಿಕ್ರಿ ಮಾಡಿ ಬದುಕುತ್ತಿದ್ದೆ. ಶೇಷಪ್ಪನವರ ಮಗಳು ಕುಮುದಾಳನ್ನು ನೋಡಿದ್ದೂ ಅಂಥದೊಂದು ಮದುವೆಯಲ್ಲೇ. ನಾನು ವೇದಿಕೆಯ ಮೇಲೆ ಅವಳ ಅಪ್ಪನ ದನಿಯಲ್ಲಿ "ಯಾವನೋ ಅವ್ನು, ಹುಳಿಗೆ ಕೈ ಹಾಕ್ದೋನು?" ಎಂದು ಗದರಿದಾಗ, ಬಡಿಸುತ್ತಿದ್ದವರೆಲ್ಲ ಹೆದರಿ ನಿಂತಲ್ಲೇ ನಿಂತರು. ಅವಳೊಬ್ಬಳು ನಕ್ಕಳು. ಆ ನಗು ಮದುವೆಯ ಮಾತಿನವರೆಗೆ ಬಂತು. ಅಷ್ಟರಲ್ಲಿ ಜ್ವರವೂ ಬಂತು.

ಬಾಗಿಲುಗಳು ಹಟ ಹಿಡಿದ ದಿನ ಕುಮುದಾ ಎದುರುಮನೆಯಲ್ಲಿ, ತನ್ನ ಸೋದರತ್ತೆ ತುಂಗಮ್ಮನವರ ಹತ್ತಿರ ಇದ್ದಳು. ಶೇಷಪ್ಪನವರು ಈಚೆ ಮನೆಯಲ್ಲಿ ಒಬ್ಬರೇ ಸಿಕ್ಕಿಕೊಂಡರು. ಅವರ ಪಕ್ಕದ ಮನೆ ನನ್ನದು. ಬೀದಿ ಎಷ್ಟು ಕಿರಿದೆಂದರೆ ಆ ಕಿಟಕಿಯಲ್ಲಿ ಸೀನಿದರೆ ಈ ಕಿಟಕಿಯಲ್ಲಿ ಒರೆಸಿಕೊಳ್ಳಬೇಕು. ಅಪ್ಪ, ಮಗಳು, ಅಪ್ಪನ ಅಕ್ಕ, ಮೂವರೂ ಕಿಟಕಿಯಿಂದ ಕಿಟಕಿಗೆ ಮಾತಾಡುತ್ತಿದ್ದರು. ಬೇಕಾದ್ದನ್ನು ಶೇಷಪ್ಪನವರ ಉದ್ದ ಹಿಡಿಯ ಸೌಟುಗಳಲ್ಲೇ ಇಟ್ಟು ಸರಳುಗಳ ನಡುವೆ ಆಚೆಯಿಂದೀಚೆಗೆ ದಾಟಿಸುತ್ತಿದ್ದೆವು. ದಿನಸಿಗೆ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಆ ಮನುಷ್ಯನಲ್ಲಿ.

"ಲೋ ಮೌಳಿ, ಸಾವಿರ ಎಲೆ ಹಾಕ್ಸಿ ಹೋಳಿಗೆ ಬಡಿಸಿದೋನು ನಾನು. ಈ ಮರದ ಹಲಗೆ ಮುಂದೆ ನಿಂತ್ಕೊಂಡು ಕಾಫಿ ಬಿಸಿ ಇತ್ತು ಅಂತ ಹೇಳ್ಬೇಕಾ?"

"ಹೇಳಿ ಮಾವ, ಏನ್ ಹೋಗತ್ತೆ? ಕಾಫಿ ಬಿಸಿ ಇತ್ತಲ್ಲ?"

"ಎಲ್ಲಿತ್ತು? ಆರಿ ತಣ್ಣಗಾಗಿತ್ತು. ಅದೂ ಒಂದು ಕಾಫಿನಾ? ಪಾತ್ರೆ ತೊಳೆದ ನೀರು."

ಅವರು ಸುಳ್ಳು ಹೇಳುತ್ತಿರಲಿಲ್ಲ, ಅದೇ ಕಷ್ಟ. ಅವರ ಕೈಗೆ ನೂರು, ಇನ್ನೂರು, ಸಾವಿರ ಜನರ ಅಳತೆ ಮಾತ್ರ ಗೊತ್ತಿತ್ತು. ಕೊಪ್ಪರಿಗೆಯ ಹತ್ತಿರ ನಿಂತು ಮುಷ್ಟಿ ತುಂಬಿ ಉಪ್ಪು ಎಸೆದರೆ ಕೊನೆಯ ಪಂಕ್ತಿಯ ಕೊನೆಯ ಎಲೆಗೂ ಒಂದೇ ರುಚಿ. ಅದೇ ಕೈ ಒಬ್ಬನಿಗೆ ಸಾರು ಮಾಡಲು ಹೊರಟರೆ ದಾರಿ ತಪ್ಪುತ್ತಿತ್ತು. ಅವರ ಮನೆಯ ಅತಿ ಚಿಕ್ಕ ಪಾತ್ರೆಯಲ್ಲಿ ಕರುವಿಗೆ ಸ್ನಾನ ಮಾಡಿಸಬಹುದಿತ್ತು. ಚಿಟಿಕೆ ಹಾಕಲು ಹೋದರೆ ಬೆರಳುಗಳು ಕೇಳದೆ ಹಿಡಿ ಬೀಳುತ್ತಿತ್ತು. ಒಂದು ದಿನ ಸಾರು ಸಮುದ್ರ, ಇನ್ನೊಂದು ದಿನ ಉಪ್ಪಿಟ್ಟು ಹೆಸರಿಗೆ ತಕ್ಕಂತೆ ಬರೀ ಉಪ್ಪು. ನಲವತ್ತು ವರ್ಷ ಊರಿಗೇ ರುಚಿ ತೋರಿಸಿದ ಮನುಷ್ಯ ತನ್ನ ಅಡುಗೆಯನ್ನು ತಾನೇ ಉಣ್ಣಲಾಗದೆ ತಟ್ಟೆ ಸರಿಸಿ ಏಳುತ್ತಿದ್ದರು. ಬಾಗಿಲ ಮುಂದೆ ನಿಂತು, "ಹಿಂದೆ ಜೋಡಿ ಮದುವೆಗೆ ನಾನು ಮಾಡಿದ ಬಾದಾಮಿ ಹಲ್ವಾ..." ಎಂದು ಶುರುಮಾಡುತ್ತಿದ್ದರು. ಹಳೆಯದಕ್ಕೂ ದೊಡ್ಡದಕ್ಕೂ ಕಿವಿಗೊಡದ ಬಾಗಿಲು ಸುಮ್ಮನಿರುತ್ತಿತ್ತು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಮ್ಮೂರಿನ ಬಾಗಿಲುಗಳಿಗೆ ಇನ್ನೊಂದು ಗುಣವಿತ್ತು. ಬಹಳ ಕಾಲ ತೆರೆಯದೇ ಇದ್ದರೆ ತಾವು ಬಾಗಿಲೆಂಬುದನ್ನೇ ಅವು ಮರೆಯುತ್ತಿದ್ದವು. ಬೀದಿ ಕೊನೆಯಲ್ಲಿ ಒಂದು ಖಾಲಿ ಗೋದಾಮಿತ್ತು. ಅದರ ಕದದ ಅಂಚಿಗೆ ಮೊದಲು ಗಾರೆ ಬಂತು, ಆಮೇಲೆ ಸಂದು ಮುಚ್ಚಿತು, ಆಮೇಲೆ ಹಲಗೆಯೇ ಕಲ್ಲಾಯಿತು. ಬಾಗಿಲು ಹೋದ ಹಿಂದೆಯೇ ಕಿಟಕಿಗಳೂ ಒಂದೊಂದಾಗಿ ಕಣ್ಣು ಮುಚ್ಚಿದವು. ಹಾರೆ ತಂದು ಕುಟ್ಟಿದವರಿಗೆ ಹಾರೆಯೇ ಬಾಗಿತು. ಒಳಗೆ ನಾಲ್ಕು ಹಳೇ ಗೋಣಿಚೀಲ ಬಿಟ್ಟರೆ ಏನೂ ಇರಲಿಲ್ಲವಾದ್ದರಿಂದ ಯಾರೂ ಅಳಲಿಲ್ಲ.

ಈಗ ಶೇಷಪ್ಪನವರ ಬಾಗಿಲ ಮೇಲಂಚಿನಲ್ಲಿ ಗಾರೆ ಕಾಣಿಸಿಕೊಂಡಿತ್ತು.

ಮೊದಲು ನೋಡಿದವಳು ಕುಮುದಾ. ಅವಳು ದಿನವೂ ಏನಾದರೊಂದು ಹೇಳಿ ಹೊರಗೆ ಬಂದು ಅಪ್ಪನ ಬಾಗಿಲನ್ನು ಕೈಯಿಂದ ಸವರಿ ನೋಡುತ್ತಿದ್ದಳು. ಅವತ್ತು ಬೆರಳಿಗೆ ಸಂದು ಸಿಗಲಿಲ್ಲ. ನನ್ನ ಕಿಟಕಿಯ ಹತ್ತಿರ ಬಂದು ನಿಂತಳು, ಮುಖ ಬಿಳಿಚಿತ್ತು.

"ಮೌಳಿ, ಮೇಲ್ಗಡೆ ಪೂರ್ತಿ ಮುಚ್ಕೊಂಡಿದೆ. ಪಕ್ಕದಲ್ಲೂ ಶುರುವಾಗಿದೆ."

"ಕಿಟಕಿ ಸರಳು ಕುಯ್ಸಿದ್ರೆ?"

"ಕೇಳ್ದೆ. ನಾನೇನು ಕಳ್ಳ ಬೆಕ್ಕಾ ಅಂದ್ರು. ಅಲ್ಲದೆ ಆ ಹೊಟ್ಟೆ ಈ ಕಿಟಕೀಲಿ ಹಿಡಿಯತ್ತಾ, ನೀನೇ ಹೇಳು." ಅವಳು ನಗಲು ನೋಡಿದಳು, ಆಗಲಿಲ್ಲ. "ಈ ಜ್ವರದಲ್ಲಿ ಹತ್ತೇ ಜನರ ಮದುವೆಯಾದ್ರೂ ಪರವಾಗಿಲ್ಲ ನಂಗೆ. ಆದ್ರೆ ಧಾರೆ ಎರೆಯೋದು ಅಪ್ಪಾನೇ. ಅವರು ಗೋಡೆ ಒಳಗೆ, ನಾನು ಮಂಟಪದಲ್ಲಿ, ಅದು ಮಾತ್ರ ಆಗದ ಮಾತು."

ಶೇಷಪ್ಪನವರಿಗೆ ಇದನ್ನು ಮುಟ್ಟಿಸಿದೆ. ಅವರು ಗಾರೆಯ ಬಗ್ಗೆ ಏನೂ ಹೇಳಲಿಲ್ಲ. ಮದುವೆಯ ಬಗ್ಗೆ ಹೇಳಿದರು: "ಹತ್ತು ಜನಾನಾ? ಅದನ್ನ ಮದುವೆ ಅಂತಾರೇನೋ? ತಿಥಿಗೇ ಅದಕ್ಕಿಂತ ಜಾಸ್ತಿ ಜನ ಬರ್ತಾರೆ!"

ನಾನು ನನ್ನ ಕಸುಬನ್ನು ನಂಬಿದೆ. ಮರುದಿನ ಬೆಳಗ್ಗೆ ಅವರು ಬಚ್ಚಲಲ್ಲಿ ಮುಖ ತೊಳೆಯುತ್ತಿದ್ದಾಗ ಅವರ ಕಿಟಕಿಗೆ ಬಾಯಿಟ್ಟು, ಅವರದೇ ಗೊಗ್ಗರು ದನಿಯಲ್ಲಿ, ಅವರದೇ ಕೆಮ್ಮು ಸೇರಿಸಿ, "ಇವತ್ತು ಬೆನ್ನುನೋವು ಸ್ವಲ್ಪ ಕಮ್ಮಿ ಇದೆಯಪ್ಪ" ಎಂದೆ. ಬಾಗಿಲು ಕಿರ್ರೆಂದಿತು. ಎದುರು ಕಿಟಕಿಯಲ್ಲಿ ಕುಮುದಾ ಸರಳಿಗೆ ಮುಖ ಒತ್ತಿ ನೋಡಿದಳು. ಕಿರ್ರೆಂದ ಬಾಗಿಲು, ಹಲ್ಲು ಕಚ್ಚಿದಂತೆ, ಕಟಕಟನೆ ಇನ್ನಷ್ಟು ಬಿಗಿಯಿತು. ನಾವು ನೋಡುತ್ತಿದ್ದಂತೆಯೇ ಎಡಗಡೆಯ ಸಂದು ಮೇಲಿನಿಂದ ಕೆಳಗಿನವರೆಗೆ ಬಿಳಿಯ ಗಾರೆ ತುಂಬಿಕೊಂಡಿತು. ಯಾರ ದನಿ ಬೇಕಾದರೂ ನನಗೆ ಬರುತ್ತಿತ್ತು, ಯಾರ ಬೆನ್ನುನೋವೂ ಬರುತ್ತಿರಲಿಲ್ಲ.

ಕುಮುದಾ ನನ್ನ ಮುಖದೆದುರೇ ಕಿಟಕಿಯ ಕದ ಹಾಕಿಕೊಂಡಳು.

ಮರುದಿನ ಇನ್ನೊಂದು ಪ್ರಯತ್ನ ಮಾಡಿದೆ. ಮನುಷ್ಯನಿಗೆ ಮದುವೆಮನೆ ಬೇಕು ತಾನೆ, ಮದುವೆಮನೆಯನ್ನೇ ಕೊಡೋಣ ಎಂದು ಅವರ ಕಿಟಕಿಯ ಕೆಳಗೆ ಕೂತು ಒಂದು ಇಡೀ ಊಟದ ಮನೆಯನ್ನು ಬಾಯಲ್ಲೇ ಕಟ್ಟಿದೆ. ಓಲಗ ಬಂತು, ಎಲೆ ಹಾಸುವ ಸರಸರ ಬಂತು, "ಅನ್ನ, ಅನ್ನ, ಅನ್ನ" ಎಂದು ಓಡುವವನು, "ತುಪ್ಪ ಈ ಕಡೆ ಬರ್ಲೇ ಇಲ್ಲ" ಎಂದು ಮುಖ ಗಂಟಿಕ್ಕುವ ಬೀಗರು, ಜಾಂಗೀರು ಬೇಕೆಂದು ರಚ್ಚೆ ಹಿಡಿದ ಕೂಸು, ಸಾರು ಸೊರ್ರೆಂದು ಎಳೆಯುವ ದೊಡ್ಡಪ್ಪ. ಬೀದಿಯ ಕಿಟಕಿಗಳಲ್ಲೆಲ್ಲ ಜನ ಸೇರಿ ಚಪ್ಪಾಳೆ ತಟ್ಟಿದರು. ಶೇಷಪ್ಪನವರು ಸರಳು ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು. ಮುಗಿದ ಮೇಲೆ ಕಣ್ಣು ತೆರೆದು, "ಹಪ್ಪಳ ಮುರಿಯೋ ಸದ್ದು ಸರಿಯಾಗಿಲ್ಲ. ಅದು ಅಕ್ಕಿ ಹಪ್ಪಳದ್ದು, ನಾನು ಹಾಕ್ಸೋದು ಉದ್ದಿಂದು" ಎಂದರು. ಆಮೇಲೆ ತುಂಬ ಮೆಲ್ಲಗೆ, "ಇನ್ಮೇಲೆ ಅದನ್ನ ಮಾಡ್ಬೇಡ ಕಣೋ ಮೌಳಿ. ಕೇಳಿದ್ರೆ ಎದೆ ಖಾಲಿ ಆಗತ್ತೆ" ಎಂದು ಕಿಟಕಿಯಿಂದ ಸರಿದುಹೋದರು. ಮನುಷ್ಯನನ್ನು ನಗಿಸುವ ನನ್ನ ಕಸುಬಿನಲ್ಲಿ ಅಷ್ಟು ಚಪ್ಪಾಳೆಯ ನಡುವೆ ಅಷ್ಟು ಸೋತದ್ದು ಅದೇ ಮೊದಲು.

ಆ ವಾರ ತುಂಗಮ್ಮನವರಿಗೆ ಜ್ವರ ಬಂತು.

ತುಂಗಮ್ಮನವರು ಶೇಷಪ್ಪನವರ ಅಕ್ಕ. ಊರೆಲ್ಲ ಬೆರಳು ನೆಕ್ಕಿದ ಅಡುಗೆಯಲ್ಲಿ ತಪ್ಪು ಕಂಡುಹಿಡಿಯುತ್ತಿದ್ದವರು ಅವರೊಬ್ಬರೇ. ಯಾವ ಮದುವೆಯಾಗಲಿ, ಕೈ ತೊಳೆದವರೇ ನೇರ ಒಲೆಯ ಹತ್ತಿರ ಬಂದು, "ಶೇಷಾ, ಕೂಟಿಗೆ ಇಂಗು ತೋರಿಸಿದ್ಯೋ, ಬರೀ ಹೆಸರು ಹೇಳಿದ್ಯೋ?" ಎಂದು ವಿಚಾರಿಸಿಕೊಳ್ಳುತ್ತಿದ್ದರು. ಬಾಗಿಲು ಮುಚ್ಚಿದ ಮೇಲೂ ಕಿಟಕಿಯಿಂದ ಕಿಟಕಿಗೆ ಅವರ ಬೈಗುಳ ತಪ್ಪಿರಲಿಲ್ಲ. ಅವರ ನಾಲಿಗೆ ರುಚಿಗೂ ಮಾತಿಗೂ ಒಂದೇ ಹದದಲ್ಲಿ ಚುರುಕಾಗಿತ್ತು. ಈಗ ಜ್ವರ ಇಳಿಯಿತು, ಆದರೆ ಇಳಿಯುವಾಗ ನಾಲಿಗೆಯನ್ನೂ ಕೊಂಡುಹೋಯಿತು. ಏನು ಕೊಟ್ಟರೂ ಮಣ್ಣು ಎಂದರು. ಉಪ್ಪಿನಕಾಯಿ ಕೊಟ್ಟರೂ ಮಣ್ಣು. ನಾಲ್ಕಾರು ದಿನಕ್ಕೆ ತಟ್ಟೆಯನ್ನೇ ದೂರ ತಳ್ಳಿದರು, ಬೈಯುವುದನ್ನೂ ನಿಲ್ಲಿಸಿದರು. ಡಾಕ್ಟರು ಫೋನಿನಲ್ಲಿ, ಜ್ವರ ಹೋಗಿದೆ, ಹೊಟ್ಟೆಗೆ ಏನಾದರೂ ಬೀಳದಿದ್ದರೆ ಕಷ್ಟ ಎಂದರು.

ಶೇಷಪ್ಪನವರು ಅವತ್ತು ನನ್ನನ್ನು ತಾವಾಗಿ ಕರೆದರು.

"ಲೋ ಮೌಳಿ, ಅಕ್ಕ ಬೈತಿಲ್ವಲ್ಲೋ."

"ಸುಸ್ತಾಗಿದಾರೆ ಮಾವ."

"ಬೆಳಗ್ಗೆಯಿಂದ ಮೂರು ಸಲ ಬೇಕಂತ ಕಿಟಕಿ ಹತ್ರ ಪಾತ್ರೆ ಬೀಳಿಸ್ದೆ. ಕೈಯಲ್ಲಿ ಮೂಳೆ ಇಲ್ವೇನೋ ಅಂತ ಕೂಗ್ಬೇಕಿತ್ತು ಅವಳು. ಕೂಗ್ಲಿಲ್ಲ." ಅವರ ದನಿ ನಡುಗಿತು. ಆ ನಡುಕವನ್ನು ನಾನು ಎಂದೂ ಅನುಕರಿಸಲಾರೆ. "ಏನ್ ತಿಂತಾಳಂತೆ?"

ಎದುರು ಕಿಟಕಿಯಿಂದ ಕುಮುದಾ ಹೇಳಿದಳು: "ಗಂಜಿ ಇಳಿಬಹುದು ಅಪ್ಪ. ನಾನ್ ಮಾಡಿದ್ದು ಬೇಡ ಅಂತಾರೆ."

ಗಂಜಿ ಎಂದ ಕೂಡಲೇ ಬೀದಿಯವರೆಲ್ಲ ಶೇಷಪ್ಪನವರ ಕಿಟಕಿಯತ್ತ ನೋಡಿದರು. ಮದುವೆ ಅಡುಗೆಯವರ ಕೈ ಗಂಜಿ ಕಾಸುವುದಿಲ್ಲ. ಕಾಸಿದರೆ ಕೈಗೆ ಮತ್ತೆ ಮಂಗಳಕಾರ್ಯ ಹತ್ತುವುದಿಲ್ಲವೆಂದು ಅವರ ಕಸುಬಿನಲ್ಲಿ ನಂಬಿಕೆ. ಶೇಷಪ್ಪನವರ ಹೆಂಡತಿ ಕಾಯಿಲೆ ಬಿದ್ದಾಗಲೂ ಗಂಜಿ ಕಾಸಿದವರು ನೆರೆಮನೆಯವರೇ. ಅವರು ತಮ್ಮ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿಕೊಂಡರು. ಆಮೇಲೆ, "ಅಕ್ಕಿ ಎಷ್ಟು ಹಾಕ್ಬೇಕೇ?" ಎಂದು ಮಗಳನ್ನು ಕೇಳಿದರು.

"ಒಂದು ಹಿಡಿ ಅಪ್ಪ."

"ಯಾರ ಹಿಡಿ?"

"ನನ್ ಹಿಡಿ!"

ಮೊದಲ ದಿನ ಮಾಡಿದ ಗಂಜಿಯಲ್ಲಿ ಇಡೀ ಬೀದಿ ಈಜಬಹುದಿತ್ತು. ಎರಡನೆಯ ದಿನ ನನ್ನ ಮನೆಯ ಹಾಲಿನ ಪಾತ್ರೆಯನ್ನು ಸರಳಿನ ನಡುವೆ ದಾಟಿಸಿದೆ. ಅಷ್ಟು ಚಿಕ್ಕ ಪಾತ್ರೆಯನ್ನು ಒಲೆಯ ಮೇಲಿಟ್ಟು, ಬಾಗಿ, ತೊಟ್ಟಿಲಲ್ಲಿ ಇಣುಕುವ ಅಜ್ಜನಂತೆ ಅವರು ಅದನ್ನೇ ನೋಡುತ್ತ ನಿಂತರು. ತಾವು ಉಪವಾಸವಿದ್ದರೂ ಗಮನಿಸಲಿಲ್ಲ. ಗಂಜಿಯ ಬಟ್ಟಲು ಸೌಟಿನ ಮೇಲೆ ಕೂತು ಬೀದಿ ದಾಟುತ್ತಿತ್ತು. ತುಂಗಮ್ಮನವರು ತಮ್ಮ ಮಾಡಿದ್ದೆಂಬ ಒಂದೇ ಕಾರಣಕ್ಕೆ ಎರಡು ಚಮಚ ನುಂಗುತ್ತಿದ್ದರು, "ಮಣ್ಣು" ಎನ್ನುತ್ತಿದ್ದರು, ಗೋಡೆಗೆ ತಿರುಗಿ ಮಲಗುತ್ತಿದ್ದರು. ಶೇಷಪ್ಪನವರು ಮತ್ತೆ ಒಲೆ ಹಚ್ಚುತ್ತಿದ್ದರು. ಈ ನಡುವೆ ಅವರ ಬಾಗಿಲ ಬಲಗಡೆಯ ಸಂದೂ ತುಂಬಿತು. ಹೊಸಿಲ ಹತ್ತಿರ ಒಂದು ಗೆರೆ ಮಾತ್ರ ಉಳಿದಿತ್ತು, ಅದರಲ್ಲಿ ಇರುವೆ ಹೋಗಬೇಕಾದರೂ ಹೊಟ್ಟೆ ಒಳಗೆಳೆದುಕೊಳ್ಳಬೇಕಿತ್ತು. ಅಡುಗೆಮನೆಯ ಕಿಟಕಿಯ ಒಂದು ಮೂಲೆಯಲ್ಲೂ ಗಾರೆ ಕಂಡಿತು. ನಾನು ಹೇಳಿದೆ. "ಆಮೇಲ್ ನೋಡೋಣ, ಈಗ ಉಕ್ತಾ ಇದೆ" ಎಂದರು.

ಅವತ್ತು ಮಧ್ಯಾಹ್ನ ಬಿಸಿಲು ಬೀದಿಯ ನಡುವೆ ಬಿದ್ದಿತ್ತು. ಬಟ್ಟಲು ದಾಟಿತು. ಕುಮುದಾ ಅತ್ತೆಯನ್ನು ಕಿಟಕಿಯ ಹತ್ತಿರ ದಿಂಬಿಗೆ ಒರಗಿಸಿ ಕೂರಿಸಿ ಒಂದು ಚಮಚ ಬಾಯಿಗಿಟ್ಟಳು. ತುಂಗಮ್ಮನವರು ನುಂಗಿದರು. ಇನ್ನೊಂದು ಚಮಚ. ಅದು ಗಂಟಲಿಗೆ ಇಳಿಯುವ ಮೊದಲೇ ಅವರ ಮುಖ ಕಿವುಚಿತು, ಕಣ್ಣು ಚಿಕ್ಕದಾಯಿತು, ಕೈ ಎದೆಗೆ ಹೋಯಿತು. ಹೆಡ್ಮಾಸ್ತರರು ತಮ್ಮ ಕಿಟಕಿಯಲ್ಲಿ "ಅಯ್ಯೋ ರಾಮ" ಎಂದರು. ಕುಮುದಾ, "ಅತ್ತೆ, ಏನಾಯ್ತು ಅತ್ತೆ?" ಎಂದು ಕೂಗಿದಳು.

ತುಂಗಮ್ಮನವರು ಮೊಣಕೈ ಊರಿ ಎದ್ದು ಕೂತರು. ಕಿಟಕಿಗೆ ಮುಖ ತಂದರು. ವಾರದಿಂದ ಯಾರೂ ಕೇಳದ ದನಿ ಬೀದಿಯ ಎರಡೂ ಗೋಡೆಗೆ ಬಡಿಯಿತು:

"ಏ ಶೇಷಾ! ಗಂಜಿಗೆ ಉಪ್ಪು ಹಾಕಿದ್ಯೇನೋ, ಉಪ್ಪಿಗೆ ಗಂಜಿ ಹಾಕಿದ್ಯೇನೋ?"

ಶೇಷಪ್ಪನವರು ಸರಳು ಹಿಡಿದು ನಿಂತಿದ್ದರು. ಸರಳಿಗೆ ಕಿವಿ ಒತ್ತಿದರು.

"ಏನಂದೆ ಅಕ್ಕಾ?"

"ಉಪ್ಪು ಅಂದೆ. ಕಡು ಉಪ್ಪು! ನಾಲಿಗೆ ಸುಟ್ಟುಹೋಯ್ತು. ಕಿವೀನೂ ಹೋಯ್ತಾ ನಿಂಗೆ?"

"ಇನ್ನೊಂದ್ ಸಲ ಬೈಯೇ ಅಕ್ಕಾ."

"ಬೈದ್ರೆ ಬುದ್ಧಿ ಬರತ್ತಾ? ನಲವತ್ತು ವರ್ಷದಿಂದ ಬೈದೆ, ಬಂತಾ?"

ಶೇಷಪ್ಪನವರು ತಿರುಗಿದರು. ಅವರಿಗೆ ಆಗ ಬಾಗಿಲಿನ ಹಟವೂ ನೆನಪಿರಲಿಲ್ಲ, ಗಾರೆಯೂ ನೆನಪಿರಲಿಲ್ಲ. ಎದುರುಮನೆಯಲ್ಲಿ ಅಕ್ಕ ಬೈಯುತ್ತಿದ್ದಾಳೆ, ಹೋಗಬೇಕು, ಅಷ್ಟೇ. ಹಳೆಯ ಅಭ್ಯಾಸದಂತೆ ನಡುಮನೆ ದಾಟಿ, ಪಂಚೆ ಎತ್ತಿ ಕಟ್ಟುತ್ತ, ಗೆದ್ದ ಪೈಲ್ವಾನನಂತೆ ಕೂಗಿಕೊಂಡು ಓಡಿದರು: "ಉಪ್ಪು ಜಾಸ್ತಿ ಆಯ್ತಂತೆ! ನಾನ್ ಮಾಡಿದ ಗಂಜೀಲಿ ಉಪ್ಪು ಜಾಸ್ತಿ ಆಯ್ತಂತೆ ಕಣ್ರೋ!"

ಬಾಗಿಲಿಗೆ ಅದು ಕೇಳಿಸಿತು.

ಮೊದಲು ಗೋಡೆಯೊಳಗೆ ಎಲ್ಲೋ ಹಲಗೆ ಮುರಿದಂಥ ಸದ್ದು ಬಂತು. ಗಾರೆ ಉದುರಿತು, ಸುಣ್ಣ ಹಾರಿತು, ಚೌಕಟ್ಟು ಒಮ್ಮೆ ನಡುಗಿತು. ಇಷ್ಟು ದಿನ ಅಂಟಿಕೊಂಡಿದ್ದ ಬಾಗಿಲಿಗೆ ಮೆಲ್ಲಗೆ ತೆರೆಯುವುದು ಮರೆತಿತ್ತೋ ಏನೋ. ಚೌಕಟ್ಟು ಸಮೇತ, ಅಕ್ಕಪಕ್ಕದ ಒಂದಿಷ್ಟು ಗೋಡೆ ಸಮೇತ ಮುಂದಕ್ಕೆ ವಾಲಿ, ಸಾಷ್ಟಾಂಗ ನಮಸ್ಕಾರ ಹಾಕುವಂತೆ ಬೀದಿಯ ಮೇಲೆ ಬಿತ್ತು. ಅದರ ಮೇಲೆ ಕಾಲಿಟ್ಟುಕೊಂಡು, ತಲೆಯಿಂದ ಪಾದದವರೆಗೆ ಸುಣ್ಣ ಮೆತ್ತಿದ ಶೇಷಪ್ಪನವರು ಬಿಸಿಲಿಗೆ ಬಂದರು.

ಕಿಟಕಿಗಳಲ್ಲಿ ತಟ್ಟೆ ಬಡಿದರು, ಜಾಗಟೆ ಬಡಿದರು, ಸರಸಿಜಳ ಅತ್ತೆ ಒನಕೆಯಿಂದ ಕಿಟಕಿ ಹಲಗೆಯನ್ನೇ ಬಡಿದರು. ಹೆಡ್ಮಾಸ್ತರರು ಭಾಷಣ ಶುರುಮಾಡಿದರು, ಯಾರೂ ಕೇಳಲಿಲ್ಲ. ನಾನು ಊರಿನ ಎಲ್ಲ ದನಿಗಳನ್ನೂ ಬಿಟ್ಟು ನನ್ನ ಸ್ವಂತ ದನಿಯಲ್ಲಿ ಕೂಗಿದೆ, ಅದು ಎಷ್ಟು ಕೀಚಲೆಂದು ಅವತ್ತೇ ಗೊತ್ತಾದದ್ದು. ಕುಮುದಾ ಅಳುತ್ತಿದ್ದಳು, ನಗುತ್ತಿದ್ದಳು, "ಅಪ್ಪಾ, ಚಪ್ಪಲಿ ಹಾಕ್ಕೊಳ್ಳಿ, ಮೊಳೆ ಇದೆ" ಎನ್ನುತ್ತಿದ್ದಳು.

ಶೇಷಪ್ಪನವರು ಅಕ್ಕನ ಕಿಟಕಿಯ ಹತ್ತಿರ ಹೋದರು.

"ದೂರ ನಿಲ್ಲು. ಮೂಗಿಗೆ ಬಟ್ಟೆ ಕಟ್ಕೋ" ಎಂದರು ತುಂಗಮ್ಮ.

ಅವರು ವಿಧೇಯರಾಗಿ ಎರಡು ಹೆಜ್ಜೆ ಹಿಂದೆ ಬಂದು ಹೆಗಲ ಮೇಲಿನ ಟವೆಲನ್ನು ಮೂಗಿಗೆ ಸುತ್ತಿಕೊಂಡರು. "ನಾಳೆ ಎಷ್ಟು ಹಾಕ್ಲಿ ಅಕ್ಕಾ?"

"ಇದರಲ್ಲಿ ಕಾಲು ಭಾಗ. ಸ್ವಲ್ಪ ಜೀರಿಗೆ ಹಾಕು. ಈಗ ಒಂಚೂರು ಮಜ್ಜಿಗೆ ಸಿಗತ್ತಾ? ಈ ಉಪ್ಪು ಇಳಿಬೇಕಲ್ಲ." ಬಟ್ಟಲನ್ನು ಅವರು ಕೆಳಗಿಟ್ಟಿರಲಿಲ್ಲ. ಬೈಯುತ್ತ ಬೈಯುತ್ತಲೇ ಪೂರ್ತಿ ತಿಂದರು.

ಮುಂದಿನ ಹುಣ್ಣಿಮೆಗೆ ನಮ್ಮ ಮದುವೆ ಬೀದಿಯಲ್ಲೇ ಆಯಿತು. ಚಪ್ಪರದ ಕೆಳಗೆ ಹತ್ತು ಜನ, ಕಿಟಕಿಗಳಲ್ಲಿ ಊರು. ಗಂಜಿ ಕಾಸಿದ ಕೈಗೆ ಮಂಗಳಕಾರ್ಯ ಹತ್ತುವುದಿಲ್ಲ ಎಂದು ಯಾರೋ ಗೊಣಗಿದ್ದಕ್ಕೆ ಶೇಷಪ್ಪನವರು, "ಹತ್ತಿದೆ ನೋಡಿ" ಎಂದು ಅದೇ ಕೈಯಿಂದ ಮಗಳ ಧಾರೆ ಎರೆದರು. ಅಡುಗೆಯೂ ಅವರದೇ. ಹತ್ತು ಜನರ ಸಾರಿಗೆ ಅವರು ಉಪ್ಪನ್ನು ಮೂರು ಬೆರಳಲ್ಲಿ ಹಿಡಿದು, ಹುಡಿ ಬಂಗಾರ ಉದುರಿಸುವ ಅಕ್ಕಸಾಲಿಗನಂತೆ ಉಸಿರು ಬಿಗಿಹಿಡಿದು ಹಾಕಿದರು. ಮೊದಲ ತುತ್ತು ತಿಂದ ತುಂಗಮ್ಮನವರು ಬೈಯದೆ ಎರಡನೆಯ ತುತ್ತಿಗೆ ಕೈ ಹಾಕಿದರು. ಶೇಷಪ್ಪನವರ ಮುಖ ಬಾಡತೊಡಗಿತು. "ಪಾಯಸಕ್ಕೆ ಏಲಕ್ಕಿ ಸಾಲ್ದು" ಎಂದರು ತುಂಗಮ್ಮ. ಮುಖ ಅರಳಿತು.

ಬೀದಿಗೆ ಬಿದ್ದ ಬಾಗಿಲು ಮತ್ತೆ ಬಾಗಿಲಾಗಲಿಲ್ಲ. ಅದರ ಮೇಲೆ ಈಗ ನಾವು ಸಂಡಿಗೆ ಇಡುತ್ತೇವೆ. ಮನೆಯ ಮುಂದೆ ದೊಡ್ಡದೊಂದು ಕಂಡಿ ಹಾಗೇ ಇದೆ. ಬೀದಿಯಲ್ಲಿ ಬಾಗಿಲಿಗೆ ಏನೂ ಒಪ್ಪಿಸದೆ ಓಡಾಡಬಲ್ಲ ಮನುಷ್ಯ ಶೇಷಪ್ಪನವರೊಬ್ಬರೇ. ಆದರೂ ದಿನಾ ಬೆಳಗ್ಗೆ ಆ ಕಂಡಿಯಲ್ಲಿ ನಿಂತು, ಒಂದು ಲೋಟ ಕಾಫಿ ಒಬ್ಬನಿಗೆ ಸರಿಯಾಗಿ ಹೇಗೆ ಬಂತು ಎಂಬುದನ್ನು ಬೀದಿಗೆಲ್ಲ ಕೂಗಿ ಹೇಳುತ್ತಾರೆ. ಮೊನ್ನೆ ಬಡಗಿ ಬಂದು, ಮಳೆಗಾಲ ಹತ್ತಿರವಾಯಿತು, ಹೊಸ ಬಾಗಿಲು ಕೂರಿಸಲೇ ಎಂದು ಕೇಳಿದ. ಎದುರು ಕಿಟಕಿಯಲ್ಲಿ ತುಂಗಮ್ಮನವರು ಆಗಷ್ಟೇ ಚಿತ್ರಾನ್ನದ ಒಗ್ಗರಣೆಯ ವಿಷಯ ಎತ್ತಿಕೊಂಡಿದ್ದರು.

"ಇರ್ಲಿ ಬಿಡಯ್ಯ" ಎಂದರು ಶೇಷಪ್ಪನವರು, ಕಂಡಿಯ ಅಂಚಿಗೆ ಒರಗಿ ಕೂರುತ್ತ. "ಹೀಗಿದ್ರೆ ಅಕ್ಕ ಬೈಯೋದು ಚೆನ್ನಾಗಿ ಕೇಳ್ಸತ್ತೆ."